ಗುಜರಿ ಅಂಗಳದ ಹಾರಿಜಾಂಟಲ್ ಮಿಲ್ಲಿಂಗ್ ಮಷಿನ್: ಮನೆಯಲ್ಲೇ ರಿಪೇರಿ, ಮನೆಯಲ್ಲೇ ಕೆಲಸ

ವರ್ಕ್‌ಶಾಪ್ ಮುಚ್ಚುವಾಗ ಮೊದಲು ಗಿರಾಕಿ ಸಿಗುವುದು ಲೇಥ್‌ಗೆ, ಆಮೇಲೆ ಡ್ರಿಲ್ಲಿಂಗ್ ಮಷಿನ್‌ಗೆ. ಕೊನೆಗೆ ಮೂಲೆಯಲ್ಲಿ ಉಳಿಯುವುದು ಹಾರಿಜಾಂಟಲ್ ಮಿಲ್ಲಿಂಗ್ ಮಷಿನ್, ಅಂದರೆ ಅಡ್ಡ ದಂಡದ ಮೇಲೆ ತಿರುಗುವ ಹಲ್ಲಿನ ಕಟರ್ ಅಡಿಗೆ ಟೇಬಲ್ ಮೇಲಿನ ಜಾಬನ್ನು (ಕಡಿಯಬೇಕಾದ ತುಂಡನ್ನು) ಓಡಿಸಿ ಲೋಹ ಕಡಿಯುವ ಮಷಿನ್. ವರ್ಟಿಕಲ್ ಹೆಡ್ ಇಲ್ಲ, ಡ್ರಿಲ್ ಮಾಡಲು ಬರುವುದಿಲ್ಲ, ಜಾಗ ತಿನ್ನುತ್ತದೆ ಎಂದು ಜನ ಕೈಬಿಡುತ್ತಾರೆ. ಹಾಗಾಗಿಯೇ ಅದು ಗುಜರಿಯವರ ಕೆಜಿ ಲೆಕ್ಕಕ್ಕೆ ಇಳಿಯುತ್ತದೆ. ದಾವಣಗೆರೆ, ಹರಿಹರ ಕಡೆ ಹುಡುಕುವವರಿಗೆ ಇನ್ನೂ ಒಂದು ಅನುಕೂಲವಿದೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇಥ್‌ಗಳನ್ನು ಮಾಡುತ್ತಾ ಈ ಸೀಮೆಗೆ ಟರ್ನರ್, ಫಿಟ್ಟರ್, ಸ್ಕ್ರೇಪಿಂಗ್ (ಸ್ಲೈಡ್ ಮುಖವನ್ನು ಕೈಯಿಂದ ಕೆರೆದು ಮಟ್ಟ ಮಾಡುವ ಕೆಲಸ) ಗೊತ್ತಿರುವವರನ್ನು ಕೊಟ್ಟಿತು. ಕಾರ್ಖಾನೆ ಮುಚ್ಚಿದರೂ ಆ ಕೈಗುಣ ಇಲ್ಲೇ ಉಳಿದಿದೆ. ಹಳೇ ಮಷಿನ್ ಮನೆಗೆ ತರುವ ಮೊದಲು ಅಂಥ ಒಬ್ಬ ಹಿರಿಯ ಫಿಟ್ಟರ್ ಜೊತೆ ಹೋಗಿ ನೋಡುವುದು ಎಲ್ಲಕ್ಕಿಂತ ಒಳ್ಳೆಯದು.

ನನ್ನ ಮಾತು ಇಷ್ಟೇ: ಸವೆದ ಮಷಿನ್‌ಗೆ ಹೆದರಬೇಡಿ, ಸವೆತ ಎಲ್ಲಿ ಎಷ್ಟಿದೆ ಎಂದು ಅಳೆಯದೆ ಇರುವುದಕ್ಕೆ ಹೆದರಿ. ಎಲ್ಲಿ ಎಷ್ಟು ಲೂಸ್ ಇದೆ ಎಂದು ಗೊತ್ತಿದ್ದರೆ ಅರ್ಧ ಮಿಲಿಮೀಟರ್ ಬ್ಯಾಕ್‌ಲ್ಯಾಶ್ (ಹ್ಯಾಂಡಲ್ ತಿರುಗಿದರೂ ಟೇಬಲ್ ಕದಲದ ಲೂಸ್) ಇರುವ ಮಷಿನ್‌ನಲ್ಲೂ ಅಳತೆಗೆ ಸರಿಯಾಗಿ ಕೀವೇ (ಶಾಫ್ಟ್‌ನಲ್ಲಿ ಕೀ ಕೂರುವ ಸೀಳು) ಹೊಡೆಯಬಹುದು.

ಕೊಳ್ಳುವಾಗ ಬಣ್ಣ ನೋಡಬೇಡಿ, ಕಟರ್ ಕೂರುವ ದಂಡ, ಅಂದರೆ ಆರ್ಬರ್ ನೋಡಿ. ಆರ್ಬರ್, ಅದರ ಮೇಲೆ ಕಟರ್ ಅಕ್ಕಪಕ್ಕ ಕೂರುವ ಬಳೆಗಳಾದ ಕಾಲರ್‌ಗಳು, ಹಿಂದಿನಿಂದ ಎಳೆದು ಹಿಡಿಯುವ ಡ್ರಾಬಾರ್, ಓವರ್‌ಆರ್ಮ್‌ನ (ಮೇಲೆ ಚಾಚಿದ ತೋಳಿನ) ಸಪೋರ್ಟ್ ಬ್ರಾಕೆಟ್ ಈ ನಾಲ್ಕೂ ಇದ್ದರೆ ಮಾತ್ರ ಮಷಿನ್ ಪೂರ್ತಿ. ಇವು ಇಲ್ಲದ ಮಷಿನ್ ಅಗ್ಗಕ್ಕೆ ಸಿಕ್ಕರೂ ಮುಂದೆ ಇವನ್ನೇ ಹೊಂದಿಸಲು ಮಷಿನ್‌ಗಿಂತ ಹೆಚ್ಚು ಖರ್ಚಾಗಬಹುದು. ಎಚ್‌ಎಂಟಿ, ಬಿಎಫ್‌ಡಬ್ಲ್ಯೂ ಕಂಪನಿಗಳ ಮಷಿನ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಐಎಸ್‌ಒ 40 ಟೇಪರ್ (ಆರ್ಬರ್ ಕೂರುವ ಸ್ಪಿಂಡಲ್ ಬಾಯಿಯ ಇಳಿಜಾರು) ಆಗಿದ್ದರೆ ಆರ್ಬರ್ ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ. ಸ್ಪಿಂಡಲ್ ಬಾಯಿಯ ದೊಡ್ಡ ವ್ಯಾಸ 44.45 ಮಿ.ಮೀ. ಇದ್ದರೆ ಅದು 40. ಪಂಜಾಬಿನ ಬಟಾಲಾ ಕಡೆಯ ಹಗುರ ಮಷಿನ್‌ಗಳಲ್ಲಿ ಬೇರೆ ಟೇಪರ್ ಇರಬಹುದು, ಅಳೆದೇ ಹಣ ಕೊಡಿ. ಟೇಬಲ್‌ನ ಟಿ-ಸ್ಲಾಟ್ ತುಟಿ ಮುರಿದಿದೆಯೇ, ಓವರ್‌ಆರ್ಮ್ ಬಿಗಿಯುವ ಜಾಗದಲ್ಲಿ ಬಿರುಕಿದೆಯೇ ಎಂದೂ ನೋಡಿ. ಟೇಬಲ್ ಮೇಲೆ ಡ್ರಿಲ್ ಬಿದ್ದ ನಾಲ್ಕು ಗುಂಡಿ ಇದ್ದರೆ ಚಿಂತೆಯಿಲ್ಲ.

ಸಾಗಿಸುವಾಗ ಎಚ್ಚರ ಬೇಕು. ಮಷಿನ್‌ನ ಭಾರವೆಲ್ಲ ಮೇಲೆ ಮತ್ತು ಮುಂದೆ ಇರುತ್ತದೆ. ‘ನೀ’ (knee, ಟೇಬಲ್ ಹೊತ್ತು ಮೇಲೆ ಕೆಳಗೆ ಓಡುವ ಭಾಗ) ಪೂರ್ತಿ ಕೆಳಗಿಳಿಸಿ ಅದರಡಿ ಮರದ ದಿಮ್ಮಿ ಕೊಡಿ, ಸ್ಯಾಡಲ್ (ನೀ ಮೇಲೆ ಹಿಂದೆ ಮುಂದೆ ಓಡುವ ಭಾಗ) ಅನ್ನು ಕಾಲಂ (ಮಷಿನ್‌ನ ನಿಂತ ಕಂಬ) ಕಡೆಗೆ ತಳ್ಳಿ, ಟೇಬಲ್ ನಟ್ಟನಡುವೆ ನಿಲ್ಲಿಸಿ, ಎಲ್ಲ ಲಾಕ್ ಬಿಗಿಯಿರಿ. ಸಣ್ಣ ಮಷಿನ್ ಎಂದುಕೊಂಡದ್ದೂ ಮುಕ್ಕಾಲು ಟನ್ ದಾಟುತ್ತದೆ, ನಂಬರ್ 2 ಸೈಜಿನದು ಎರಡು ಟನ್ ಮೇಲೆ. ಮನೆ ಬಾಗಿಲಿಂದ ಒಳಗೆ ಒಂದೂವರೆ ಇಂಚಿನ ಕಬ್ಬಿಣದ ಪೈಪ್ ತುಂಡುಗಳ ಮೇಲೆ ಉರುಳಿಸಿ, ಹಾರೆಯಿಂದ ಇಂಚಿಂಚು ಸರಿಸಿ. ಟೈಲ್ಸ್ ನೆಲದ ಮೇಲೆ ನಿಲ್ಲಿಸಬೇಡಿ, ಕೆಳಗೆ ಆರು ಇಂಚು ಕಾಂಕ್ರೀಟ್ ಇರಲಿ.

ಮನೆಗೆ ಬಂದ ಕೂಡಲೇ ಎಲ್ಲ ಬಿಚ್ಚಿ ಹರಡುವ ಆಸೆಯಾಗುತ್ತದೆ. ಬೇಡ. ಮೊದಲು ತೊಳೆಯಿರಿ. ಸೀಮೆಎಣ್ಣೆ ಈಗ ಸಿಗುವುದು ಕಷ್ಟ, ಡೀಸೆಲ್ ಸಾಕು; ಬಣ್ಣದ ಬ್ರಷ್ ಮತ್ತು ಬನಿಯನ್ ವೇಸ್ಟ್ ಇಟ್ಟುಕೊಳ್ಳಿ. ಸ್ಲೈಡ್ ಮೇಲಿನ ಒಣಗಿದ ಜಿಡ್ಡನ್ನು ಹಿತ್ತಾಳೆ ಪಟ್ಟಿಯಿಂದ ಕೆರೆಯಿರಿ. ತುಕ್ಕಿನ ಚುಕ್ಕೆಗಳಿಗೆ ನುಣುಪಾದ ಆಯಿಲ್ ಸ್ಟೋನ್ ಅನ್ನು ಎಣ್ಣೆಯೊಂದಿಗೆ ಹಗುರಾಗಿ ಆಡಿಸಿ. ಎಮರಿ ಪೇಪರ್ ಮತ್ತು ಪಾತ್ರೆ ತಿಕ್ಕುವ ಹಸಿರು ನಾರು ಸ್ಲೈಡ್ ಹತ್ತಿರ ಬರಲೇಬಾರದು. ಎರಡರಲ್ಲೂ ಉಜ್ಜುವ ಹರಳಿದೆ, ಅದು ಎಣ್ಣೆಯೊಡನೆ ಬೆರೆತು ಸಂದಿಗೆ ಸೇರಿ ಕೂತರೆ ಸ್ಲೈಡ್ ದಿನವೂ ಸವೆಯುತ್ತಿರುತ್ತದೆ. ಇದೇ ಕಾರಣಕ್ಕೆ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಸುತ್ತಮುತ್ತ ಮನೆ ಇರುವವರು ಮಷಿನ್ ಮೇಲೆ ದಪ್ಪ ಬಟ್ಟೆ ಮುಚ್ಚಲೇಬೇಕು. ಗಾಳಿಯಲ್ಲಿ ಬರುವ ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ. ನೋಡಲು ಮೆತ್ತಗಿನ ಹುಡಿ, ಕಬ್ಬಿಣದ ಸ್ಲೈಡ್‌ಗೆ ಮರಳಿನ ಹಾಗೆ.

ನಮ್ಮ ಕಡೆಯ ಹಳೇ ಮಷಿನ್‌ಗಳಲ್ಲಿ ಒಂದು ರೋಗ ಮತ್ತೆ ಮತ್ತೆ ಕಾಣುತ್ತದೆ. ಸ್ಯಾಡಲ್, ನೀ ಮೇಲಿರುವ ನಿಪ್ಪಲ್‌ಗಳು ಎಣ್ಣೆಗಾಗಿ ಇಟ್ಟವು. ಯಾರೋ ಟ್ರ್ಯಾಕ್ಟರ್‌ಗೆ ಹೊಡೆಯುವ ಗನ್ ತಂದು ಅವಕ್ಕೆ ಗ್ರೀಸ್ ತುಂಬಿರುತ್ತಾರೆ. ಗ್ರೀಸ್ ವರ್ಷಗಟ್ಟಲೆ ಒಣಗಿ ಮೇಣದಂತಾಗಿ ಎಣ್ಣೆ ಹೋಗುವ ಸಣ್ಣ ಕಾಲುವೆಗಳನ್ನು ಮುಚ್ಚುತ್ತದೆ. ಆಮೇಲೆ ಎಷ್ಟು ಎಣ್ಣೆ ಹಾಕಿದರೂ ಲೀಡ್ ಸ್ಕ್ರೂ ನಟ್‌ಗೆ ತಲುಪುವುದಿಲ್ಲ. ಟೇಬಲ್ ಸವೆತಕ್ಕೆ ಮುಖ್ಯ ಕಾರಣ ಬಹಳ ಸಲ ಇದೇ. ನಿಪ್ಪಲ್ ಬಿಚ್ಚಿ, ರಂಧ್ರಕ್ಕೆ ಡೀಸೆಲ್ ಬಿಟ್ಟು ರಾತ್ರಿಯಿಡೀ ನೆನೆಸಿ, ಸಣ್ಣ ತಾಮ್ರದ ತಂತಿ ಆಡಿಸಿ, ಏರ್ ಕಂಪ್ರೆಸರ್ ಗಾಳಿ ಹೊಡೆಯಿರಿ. ಇನ್ನೊಂದು ತುದಿಯಲ್ಲಿ ಕಪ್ಪು ಹುಳುವಿನಂತೆ ಗ್ರೀಸ್ ಹೊರಬರುವವರೆಗೂ ಬಿಡಬೇಡಿ. ಟೇಬಲ್ ತೆಗೆಯದೆ ಕಾಲುವೆ ತೆರೆಯದಿದ್ದರೆ ಆಗ ಮಾತ್ರ ಟೇಬಲ್ ಬಿಚ್ಚಿ.

ಗೇರ್‌ಬಾಕ್ಸ್ ಎಣ್ಣೆ ಇಳಿಸುವಾಗ ಬಿಳಿ ಬಟ್ಟೆಯ ಮೇಲೆ ಸೋಸಿ ನೋಡಿ. ಹಾಲಿನ ಬಣ್ಣ ಇದ್ದರೆ ನೀರು ಸೇರಿದೆ. ಹಳದಿ ಮಿಂಚು ಇದ್ದರೆ ಗನ್ ಮೆಟಲ್ ಬುಷ್ ಅಥವಾ ಶಿಫ್ಟರ್ ಸವೆದಿದೆ. ಉಕ್ಕಿನ ಚೂರು ಸಿಕ್ಕರೆ ಯಾವುದೋ ಹಲ್ಲು ಹೋಗಿದೆ, ಮುಚ್ಚಳ ತೆಗೆದು ಪ್ರತಿ ಗೇರ್ ಕೈಯಲ್ಲಿ ತಿರುಗಿಸಿ ಹುಡುಕಿ. ತಯಾರಕರ ಪ್ಲೇಟ್ ಬೇರೇನೂ ಹೇಳದಿದ್ದರೆ ಗೇರ್‌ಬಾಕ್ಸ್‌ಗೆ 68 ಗ್ರೇಡ್ ಹೈಡ್ರಾಲಿಕ್ ಎಣ್ಣೆ, ಸ್ಲೈಡ್‌ಗೆ 68 ಗ್ರೇಡ್ ಸ್ಲೈಡ್‌ವೇ ಎಣ್ಣೆ. ಇವೆರಡೂ ಒಂದೇ ನಂಬರ್ ಆದರೂ ಒಂದೇ ಎಣ್ಣೆಯಲ್ಲ. ಸ್ಲೈಡ್‌ವೇ ಎಣ್ಣೆಯಲ್ಲಿ ಅಂಟುವ ಗುಣ ಇದೆ, ನಿಧಾನದ ಚಲನೆಯಲ್ಲಿ ಟೇಬಲ್ ತಡೆದು ತಡೆದು ಹಾರುವುದನ್ನು ಅದು ನಿಲ್ಲಿಸುತ್ತದೆ.

ಇನ್ನು ಅಳತೆ. ಒಂದು ಡಯಲ್ ಗೇಜ್ (0.01 ಮಿ.ಮೀ.), ಒಂದು ಮ್ಯಾಗ್ನೆಟಿಕ್ ಸ್ಟ್ಯಾಂಡ್ ಇದ್ದರೆ ಸಾಕು. ಸ್ಪಿಂಡಲ್ ಬಾಯಿಯ ಒಳಟೇಪರ್ ಒರೆಸಿ ಡಯಲ್ ಮುಟ್ಟಿಸಿ ಕೈಯಲ್ಲಿ ತಿರುಗಿಸಿ: 0.01 ಒಳಗಿದ್ದರೆ ಚೆನ್ನ. ಬಳಿಕ ಸ್ಪಿಂಡಲ್ ಅಡಿಗೆ ಮರದ ಕೋಲು ಕೊಟ್ಟು ಮೇಲೆತ್ತಿ: ಮುಳ್ಳು 0.02ಕ್ಕಿಂತ ಹೆಚ್ಚು ಓಡಿದರೆ ಮುಂದಿನ ಬೇರಿಂಗ್‌ನ ನಟ್ ಸ್ವಲ್ಪ ಬಿಗಿಯಬೇಕು. ಟೇಪರ್ ರೋಲರ್ ಬೇರಿಂಗ್ ಆದರೆ ಒಮ್ಮೆಗೆ ಸ್ವಲ್ಪವೇ ತಿರುಗಿಸಿ, ಅರ್ಧ ಗಂಟೆ ಮಧ್ಯಮ ಸ್ಪೀಡಿನಲ್ಲಿ ಓಡಿಸಿ, ಕೈ ಇಟ್ಟು ನೋಡಿ. ಬೆಚ್ಚಗಾದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಬಿಗಿ ಹೆಚ್ಚಾಗಿದೆ.

ಟೇಬಲ್‌ನ ಲೂಸ್ ನೋಡಲು ಡಯಲ್ ಅನ್ನು ಕಾಲಂಗೆ ಕಟ್ಟಿ, ಟೇಬಲ್ ತುದಿ ಹಿಡಿದು ಹಿಂದೆ ಮುಂದೆ ಜಗ್ಗಿ. ಗಿಬ್ (ಸ್ಲೈಡ್ ಸಂದಿಯ ಲೂಸ್ ಹಿಡಿಯುವ ತುಂಡು) ಟೇಪರ್ ಪಟ್ಟಿ ಆಗಿದ್ದರೆ ಒಂದು ಬದಿಯ ಸ್ಕ್ರೂ ಸಡಿಲಿಸಿ, ಇನ್ನೊಂದು ಬದಿಯದನ್ನು ಬಿಗಿದು, ಸಡಿಲಿಸಿದ್ದನ್ನು ಮತ್ತೆ ತಾಗಿಸಬೇಕು. ಇಲ್ಲದಿದ್ದರೆ ಕಟ್ ಹಾಕುವಾಗ ಪಟ್ಟಿ ತಾನೇ ಓಡಾಡುತ್ತದೆ. ಎಲ್ಲ ಹಳೇ ಮಷಿನ್‌ಗಳೂ ಹೆಚ್ಚು ಕೆಲಸ ಮಾಡಿದ್ದು ನಡುಭಾಗದಲ್ಲೇ, ಸವೆದಿರುವುದೂ ಅಲ್ಲೇ. ನಡುವೆ ಬಿಗಿ ಸರಿಮಾಡಿದರೆ ತುದಿಗಳಲ್ಲಿ ಟೇಬಲ್ ಕಚ್ಚಿಕೊಳ್ಳುತ್ತದೆ. ಲೀಡ್ ಸ್ಕ್ರೂ ನಟ್‌ದೂ ಇದೇ ಕತೆ. ಆದ್ದರಿಂದ ತುದಿಗಳಲ್ಲಿ ಕಷ್ಟಪಟ್ಟು ಓಡುವಷ್ಟಕ್ಕೆ ಹೊಂದಿಸಿ, ನಡುವೆ ಉಳಿದ ಲೂಸನ್ನು ಒಪ್ಪಿಕೊಳ್ಳಿ, ಓಡಿಸದ ಸ್ಲೈಡ್‌ಗಳನ್ನು ಪ್ರತಿ ಕಟ್‌ಗೂ ಲಾಕ್ ಮಾಡಿ. ಸ್ಲೈಡ್ ಗ್ರೈಂಡಿಂಗ್‌ಗೆ ಕಳಿಸುವುದು, ಹೊಸದಾಗಿ ಸ್ಕ್ರೇಪ್ ಮಾಡಿಸುವುದು ಮನೆಯ ಕೆಲಸಕ್ಕೆ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸರಿಯಾಗಿ ಅಳೆದರೆ ಬಹುಪಾಲು ಮಷಿನ್‌ಗಳು ಕೀವೇ, ಸ್ಲಾಟ್, ಗೇರ್ ಕೆಲಸಕ್ಕೆ ಇದ್ದಂತೆಯೇ ಸಾಕು.

ಟೇಬಲ್ ತಿರುಗುವ ಯೂನಿವರ್ಸಲ್ ಮಷಿನ್ ಆದರೆ ಡಿಗ್ರಿ ಗುರುತಿನ ಸೊನ್ನೆಯನ್ನು ನಂಬಬೇಡಿ. ಆರ್ಬರ್‌ಗೆ ಡಯಲ್ ಕಟ್ಟಿ, ನಡು ಟಿ-ಸ್ಲಾಟ್‌ನ ಅಂಚಿಗೆ ಮುಟ್ಟಿಸಿ, ಸ್ಪಿಂಡಲ್ ಅರ್ಧ ಸುತ್ತು ತಿರುಗಿಸಿ ಇನ್ನೊಂದು ಕಡೆ ಅದೇ ಅಂಚನ್ನು ಓದಿ. 300 ಮಿ.ಮೀ. ಅಂತರಕ್ಕೆ 0.02 ವ್ಯತ್ಯಾಸದ ಒಳಗೆ ಬರುವವರೆಗೆ ಸರಿಸಿ. ಇದು ತಪ್ಪಿದ್ದರೆ ಸ್ಲಾಟ್ ಕಟರ್‌ಗಿಂತ ಅಗಲವಾಗುತ್ತದೆ, ಒಂದು ಗೋಡೆ ಒರಟಾಗಿ ಬರುತ್ತದೆ.

ಕರೆಂಟ್ ವಿಷಯಕ್ಕೆ ಬಂದರೆ, ಮನೆಗೆ ಬೆಸ್ಕಾಂನ ತ್ರೀ ಫೇಸ್ ಲೈನ್ ಇದ್ದರೆ ಯಾವ ಗೋಜಲೂ ಇಲ್ಲ. ಸಿಂಗಲ್ ಫೇಸ್ ಆದರೆ ತೋಟದ ಪಂಪ್‌ಗೆ ಮಾಡುವಂತೆ ಕಂಡೆನ್ಸರ್ ಹಾಕಿ ಓಡಿಸುವ ಸಲಹೆ ಎಲ್ಲರೂ ಕೊಡುತ್ತಾರೆ. ಮೋಟರ್ ತಿರುಗುತ್ತದೆ, ನಿಜ. ಆದರೆ ಬಲ ಕುಗ್ಗುತ್ತದೆ, ಸುತ್ತು ಸುತ್ತಿಗೂ ಅದುರುತ್ತದೆ, ಆ ಅದುರು ನೇರ ಜಾಬ್ ಮೇಲೆ ಅಲೆಯಾಗಿ ಬೀಳುತ್ತದೆ. ವಿಎಫ್‌ಡಿ ಹಾಕಿ, ಅಂದರೆ ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿ ಮೋಟರ್ ಓಡಿಸುವ ಎಲೆಕ್ಟ್ರಾನಿಕ್ ಡ್ರೈವ್. 2 ಎಚ್‌ಪಿ ಮೋಟರ್‌ಗೆ ಸಿಂಗಲ್ ಫೇಸ್ ಇನ್‌ಪುಟ್‌ಗೇ ರೇಟ್ ಮಾಡಿದ 3 ಎಚ್‌ಪಿ ಡ್ರೈವ್ ತೆಗೆದುಕೊಂಡರೆ ನಿಶ್ಚಿಂತೆ. ಅದು ಹೊರಗೆ ಕೊಡುವುದು 230 ವೋಲ್ಟ್ ತ್ರೀ ಫೇಸ್ ಮಾತ್ರ. ಆದ್ದರಿಂದ 415 ವೋಲ್ಟ್ ಸ್ಟಾರ್ ಮೋಟರ್ ಅನ್ನು ಡೆಲ್ಟಾಗೆ ಬದಲಿಸಬೇಕು (ಸ್ಟಾರ್, ಡೆಲ್ಟಾ ಎಂದರೆ ವೈಂಡಿಂಗ್ ತುದಿಗಳನ್ನು ಜೋಡಿಸುವ ಎರಡು ಬಗೆ): ಡಬ್ಬಿಯಲ್ಲಿ ಆರು ತುದಿ ಇದ್ದರೆ ಯು1 ಜೊತೆ ಡಬ್ಲ್ಯೂ2, ವಿ1 ಜೊತೆ ಯು2, ಡಬ್ಲ್ಯೂ1 ಜೊತೆ ವಿ2. ಮೂರೇ ತುದಿ ಹೊರಗಿದ್ದರೆ ಸ್ಟಾರ್ ಗಂಟು ವೈಂಡಿಂಗ್ ಒಳಗೆ ಹುದುಗಿದೆ. ಪಂಪ್ ಮೋಟರ್ ಕಟ್ಟುವ ಯಾವುದೇ ರಿವೈಂಡಿಂಗ್ ಅಂಗಡಿಯವರು ಆ ಗಂಟು ಬಿಚ್ಚಿ ಆರು ತುದಿ ಹೊರಗೆ ತಂದುಕೊಡುತ್ತಾರೆ. ನೇಮ್‌ಪ್ಲೇಟ್‌ನಲ್ಲಿ 415 ಡೆಲ್ಟಾ ಎಂದಿದ್ದರೆ ಈ ಉಪಾಯ ನಡೆಯದು, ರಿವೈಂಡಿಂಗ್ ಮಾಡಿಸಲೇಬೇಕು.

ಮಷಿನ್‌ನ ಹಳೇ ಕಾಂಟ್ಯಾಕ್ಟರ್, ರಿವರ್ಸ್ ಸ್ವಿಚ್ ಯಾವುದೂ ಡ್ರೈವ್ ಮತ್ತು ಮೋಟರ್ ನಡುವೆ ಇರಬಾರದು. ಓಡುವಾಗ ಆ ಜಾಗದಲ್ಲಿ ಸಂಪರ್ಕ ಕಡಿದರೆ ಡ್ರೈವ್ ಸುಡಬಹುದು. ಆನ್, ಆಫ್, ರಿವರ್ಸ್ ಎಲ್ಲವನ್ನೂ ಡ್ರೈವ್‌ನ ಕಂಟ್ರೋಲ್ ಟರ್ಮಿನಲ್‌ಗೆ ಕೊಡಿ. ಸ್ಪೀಡ್ ಇಳಿಸಲು ಗೇರ್ ಬಳಸಿ, ಡ್ರೈವ್ ಅನ್ನು 30 ಹರ್ಟ್ಸ್‌ಗಿಂತ ಕೆಳಗೆ ತರಬೇಡಿ, ಮೋಟರ್ ಫ್ಯಾನ್ ನಿಧಾನವಾಗಿ ವೈಂಡಿಂಗ್ ಬಿಸಿಯಾಗುತ್ತದೆ. ಅರ್ಥಿಂಗ್ ಗಟ್ಟಿ ಇರಲಿ. ಮುಚ್ಚಳ ತೆಗೆಯುವ ಮೊದಲು ಮೇನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ, ಒಳಗಿನ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ.

ಬಣ್ಣ ಕೊನೆಗೆ ಹೊಡೆಯಿರಿ, ಹೊಡೆಯದಿದ್ದರೂ ನಡೆಯುತ್ತದೆ.

ಈಗ ಆರ್ಬರ್ ಕಟ್ಟುವುದು. ಹಾರಿಜಾಂಟಲ್ ಮಷಿನ್‌ನಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಕಾಲರ್‌ಗಳ ಮುಖದಲ್ಲಿ ಒಂದು ಸಣ್ಣ ಚಿಪ್ ಸಿಕ್ಕಿಕೊಂಡರೂ ನಟ್ ಬಿಗಿದಾಗ ಆ ಒಂದು ಬದಿ ಎತ್ತರವಾಗಿ ಇಡೀ ಆರ್ಬರ್ ಬಿಲ್ಲಿನಂತೆ ಬಾಗುತ್ತದೆ. ಪ್ರತಿ ಕಾಲರ್ ಮುಖವನ್ನು ಬಟ್ಟೆಯಿಂದ ಒರೆಸಿ, ಆಮೇಲೆ ಬರಿಗೈ ಬೆರಳಿಂದ ಸವರಿ ನೋಡಿ. ಬಟ್ಟೆಗೆ ಸಿಗದ್ದು ಬೆರಳಿಗೆ ಸಿಗುತ್ತದೆ. ಏಟು ಬಿದ್ದು ಅಂಚು ಉಬ್ಬಿದ್ದರೆ ಆಯಿಲ್ ಸ್ಟೋನ್ ಮೇಲೆ ಮಟ್ಟಸ ಉಜ್ಜಿ. ಸ್ಪಿಂಡಲ್ ಟೇಪರ್ ಒಳಗೂ ಹೀಗೆಯೇ. ಆರ್ಬರ್ ಒಳಗಿಟ್ಟು ಡ್ರೈವ್ ಕೀಗಳಿಗೆ ಹೊಂದಿಸಿ, ಹಿಂದಿನಿಂದ ಡ್ರಾಬಾರ್ ಬಿಗಿಯಿರಿ. ಕಟರ್ ಕಾಲಂಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಕೂರಲಿ, ಸಪೋರ್ಟ್ ಬ್ರಾಕೆಟ್ ಕಟರ್‌ಗೆ ಹತ್ತಿರ ಬರಲಿ, ಕೀ ಹಾಕಿ. ಸಪೋರ್ಟ್ ಹಾಕಿ ಓವರ್‌ಆರ್ಮ್ ಬಿಗಿದ ಮೇಲಷ್ಟೇ ಆರ್ಬರ್ ನಟ್ ಬಿಗಿಯಬೇಕು. ಸಪೋರ್ಟ್ ಇಲ್ಲದೆ ಉದ್ದ ಸ್ಪ್ಯಾನರ್ ಹಾಕಿ ಜಗ್ಗಿದರೆ ಆರ್ಬರ್ ಶಾಶ್ವತವಾಗಿ ಬಾಗುತ್ತದೆ. ಬಿಚ್ಚುವಾಗಲೂ ನಟ್ ಮೊದಲು, ಸಪೋರ್ಟ್ ಆಮೇಲೆ. ಸಪೋರ್ಟ್ ಬುಷ್‌ಗೆ ಪ್ರತಿ ಸಲ ಎಣ್ಣೆ ಬಿಡಿ.

ಕಟ್ ಓಡುವಾಗ ಶಬ್ದ ಕೇಳಿ. ಕಟರ್ ಸುತ್ತಿಗೊಮ್ಮೆ ಗರ್... ಗರ್... ಎಂದು ಏರಿಳಿದರೆ ಎಲ್ಲ ಹಲ್ಲುಗಳೂ ಕಡಿಯುತ್ತಿಲ್ಲ, ಎರಡೋ ಮೂರೋ ಹಲ್ಲು ಮಾತ್ರ ಕಡಿಯುತ್ತಿವೆ. ಸ್ವಲ್ಪ ಏರಿಳಿತ ಎಲ್ಲ ಮಷಿನ್‌ಗಳಲ್ಲೂ ಇದೆ. ಡಯಲ್ ಹಿಡಿದು ಕಟರ್ ಹಲ್ಲುಗಳ ಓಟ 0.05 ದಾಟಿದರೆ ಮತ್ತೆ ಬಿಚ್ಚಿ ಕಾಲರ್ ಒರೆಸಿ.

ಟೇಬಲ್ ಯಾವ ದಿಕ್ಕಿಗೆ ಓಡಬೇಕು ಎಂಬುದು ಹಳೇ ಮಷಿನ್‌ನಲ್ಲಿ ಪ್ರಾಣದ ಪ್ರಶ್ನೆ. ಕಟರ್‌ನ ಕೆಳಗಿನ ಹಲ್ಲು ಯಾವ ಕಡೆ ಹೋಗುತ್ತದೋ ಅದರ ಎದುರು ದಿಕ್ಕಿಗೆ ಜಾಬ್ ಬರಬೇಕು. ಎರಡೂ ಒಂದೇ ದಿಕ್ಕಾದರೆ ಕಟರ್ ಜಾಬನ್ನು ತನ್ನಡಿಗೆ ಎಳೆದುಕೊಳ್ಳುತ್ತದೆ. ಸ್ಕ್ರೂನಲ್ಲಿ ಅರ್ಧ ಮಿಲಿಮೀಟರ್ ಲೂಸ್ ಇದ್ದರೆ ಅಷ್ಟೂ ಒಂದೇ ಏಟಿಗೆ ಹಾರಿ, ಹಲ್ಲು ಮುರಿದು, ಆರ್ಬರ್ ಬಾಗಿ, ಜಾಬ್ ವೈಸ್‌ನಿಂದ ಎದ್ದು ಬರುತ್ತದೆ. ಎದುರು ದಿಕ್ಕಿನ ಕಟ್ ಜಾಬನ್ನು ಮೇಲೆತ್ತಲು ನೋಡುತ್ತದೆ, ಹಾಗಾಗಿ ಕ್ಲ್ಯಾಂಪ್ ಬಿಗಿ ಇರಲಿ.

ಒಂದು ಕೆಲಸ ಪೂರ್ತಿ ನೋಡೋಣ. ಮೆಕ್ಕೆಜೋಳ ಬಿಡಿಸುವ ಮಷಿನ್‌ನ 40 ಮಿ.ಮೀ. ಶಾಫ್ಟ್‌ಗೆ ಕೀವೇ. ಕೀ 12×8, ಶಾಫ್ಟ್‌ನಲ್ಲಿ ಆಳ 5 ಮಿ.ಮೀ. 80 ಮಿ.ಮೀ. ವ್ಯಾಸ, 12 ಅಗಲ, 18 ಹಲ್ಲಿನ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಸೈಡ್ ಅಂಡ್ ಫೇಸ್ ಕಟರ್, ಅಂದರೆ ಸುತ್ತಲೂ ಮತ್ತು ಪಕ್ಕಗಳಲ್ಲೂ ಹಲ್ಲಿರುವ ಬಿಲ್ಲೆ. ಮೈಲ್ಡ್ ಸ್ಟೀಲ್‌ಗೆ ನಿಮಿಷಕ್ಕೆ 25 ಮೀಟರ್ ವೇಗ ಹಿಡಿದರೆ 25,000 ಅನ್ನು 3.14×80ರಿಂದ ಭಾಗಿಸಿ ಸುಮಾರು 100 ಸುತ್ತು. ಗೇರ್‌ನಲ್ಲಿ 90 ಇದ್ದರೆ ಅದನ್ನೇ ಹಾಕಿ. ಹಲ್ಲಿಗೆ 0.04 ಮಿ.ಮೀ. ಎಂದರೆ 18×0.04×90, ಸುಮಾರು 65 ಮಿ.ಮೀ. ಫೀಡ್. ಹೆದರಿ ಫೀಡ್ ತೀರಾ ಇಳಿಸಬೇಡಿ, ಹಲ್ಲು ಕಡಿಯದೆ ಉಜ್ಜಿ ಮೊಂಡಾಗುತ್ತದೆ.

ಶಾಫ್ಟ್ ಅನ್ನು ವಿ-ಬ್ಲಾಕ್ ಇಲ್ಲದಿದ್ದರೆ ಟೇಬಲ್‌ನ ಟಿ-ಸ್ಲಾಟ್ ಬಾಯಿಯ ಮೇಲೆಯೇ ಕೂರಿಸಿ ಕ್ಲ್ಯಾಂಪ್ ಮಾಡಬಹುದು, ತಾನೇ ನೇರ ನಿಲ್ಲುತ್ತದೆ. ಅಂಚಿನ ಉಬ್ಬು ಮೊದಲು ತೆಗೆದಿರಿ. ನಡು ಹಿಡಿಯಲು ಶಾಫ್ಟ್ ಪಕ್ಕಕ್ಕೆ ಎಣ್ಣೆ ಹಚ್ಚಿದ ಜೆರಾಕ್ಸ್ ಹಾಳೆಯ ತುಂಡು ಅಂಟಿಸಿ. ದಪ್ಪ ಸುಮಾರು 0.1 ಮಿ.ಮೀ. ತಿರುಗುವ ಕಟರ್‌ನ ಪಕ್ಕದ ಮುಖವನ್ನು ಶಾಫ್ಟ್‌ನ ನಡು ಎತ್ತರದಲ್ಲಿ ನಿಧಾನ ಹತ್ತಿರ ತನ್ನಿ, ಹಾಳೆ ಹರಿದು ಹಾರಿದ ಕ್ಷಣ ನಿಲ್ಲಿಸಿ. ಹಾಳೆಯನ್ನು ಬೆರಳಿಂದ ಹಿಡಿಯಬೇಡಿ. ನೀ ಇಳಿಸಿ, ಅಡ್ಡಕ್ಕೆ 20+6+0.1, ಅಂದರೆ 26.1 ಮಿ.ಮೀ. ಸರಿಸಿ. ಮುಟ್ಟಿಸುವಾಗ ಹ್ಯಾಂಡಲ್ ಯಾವ ದಿಕ್ಕಿಗೆ ತಿರುಗುತ್ತಿತ್ತೋ ಅದೇ ದಿಕ್ಕಿಗೆ ಮುಂದುವರಿಯಬೇಕು, ಮೀರಿ ಹೋದರೆ ಒಂದು ಸುತ್ತು ಪೂರ್ತಿ ಹಿಂದೆ ಬಂದು ಮತ್ತೆ ಬನ್ನಿ. ಸ್ಯಾಡಲ್ ಲಾಕ್ ಮಾಡಿ. ನೀ ಯಾವಾಗಲೂ ಕೆಳಗಿಂದ ಮೇಲಕ್ಕೆ ಬಂದು ನಿಲ್ಲಲಿ. ಮೇಲೆ ಮುಟ್ಟಿಸಿ, ಜಾಬ್ ಹೊರಗೆ ತಂದು, 5 ಮಿ.ಮೀ. ಏರಿಸಿ ಲಾಕ್ ಮಾಡಿ, ಒಂದೇ ಪಾಸ್‌ನಲ್ಲಿ ಹೊಡೆಯಿರಿ. ಮುಗಿದ ಮೇಲೆ ಶಾಫ್ಟ್‌ನ ಅಡಿಯಿಂದ ಸ್ಲಾಟ್ ತಳಕ್ಕೆ 35 ಮಿ.ಮೀ. ಬರಬೇಕು. ಕಟರ್ ಸ್ವಲ್ಪ ಓಲಾಡುವುದರಿಂದ ಸ್ಲಾಟ್ 12.05 ಆಗುವುದುಂಟು. ಅದಕ್ಕೇ ಮೊದಲು ಗುಜರಿ ತುಂಡಿನಲ್ಲಿ ಹೊಡೆದು ಕೀ ಹಾಕಿ ನೋಡಿ.

ಕೂಲೆಂಟ್‌ಗೆ ಸಾಲ್ಯೂಬಲ್ ಆಯಿಲ್ ಒಂದು ಪಾಲು, ನೀರು ಇಪ್ಪತ್ತು ಪಾಲು. ನೀರಿಗೆ ಎಣ್ಣೆ ಹಾಕಿ ಕಲಕಬೇಕು, ಎಣ್ಣೆಗೆ ನೀರು ಸುರಿದರೆ ಒಡೆದು ಬೇರೆಯಾಗುತ್ತದೆ. ಬೀಡು ಕಬ್ಬಿಣಕ್ಕೆ ಕೂಲೆಂಟ್ ಬೇಡ. ಓಡುವ ಕಟರ್ ಹತ್ತಿರ ಗ್ಲೌಸ್, ಉದ್ದ ತೋಳು, ಟವೆಲ್, ಬನಿಯನ್ ವೇಸ್ಟ್ ಯಾವುದೂ ಬೇಡ. ನಿಧಾನ ತಿರುಗುತ್ತದೆ ಎಂದು ಧೈರ್ಯ ಬರುತ್ತದೆ, ಆದರೆ ಹಲ್ಲು ಬಟ್ಟೆ ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಚಿಪ್ಸ್ ತೆಗೆಯುವುದು ಸ್ಪಿಂಡಲ್ ನಿಂತ ಮೇಲೆ ಬ್ರಷ್‌ನಿಂದ. ಆರ್ಬರ್ ಇಳಿಸುವಾಗ ಡ್ರಾಬಾರ್ ಪೂರ್ತಿ ಬಿಚ್ಚದೆ ಒಂದೆರಡು ಸುತ್ತು ಸಡಿಲಿಸಿ ಹಿತ್ತಾಳೆ ಸುತ್ತಿಗೆಯಿಂದ ತಟ್ಟಿ, ಈ ಟೇಪರ್ ಥಟ್ಟನೆ ಬಿಟ್ಟುಕೊಳ್ಳುತ್ತದೆ, ಆರ್ಬರ್ ಕಾಲ ಮೇಲೆ ಬೀಳದಂತೆ ಒಬ್ಬರು ಹಿಡಿದಿರಲಿ.

ಜಾಬನ್ನು ಸಮ ಭಾಗಗಳಾಗಿ ತಿರುಗಿಸಿ ನಿಲ್ಲಿಸುವ ಇಂಡೆಕ್ಸಿಂಗ್ ಹೆಡ್ ಸಿಕ್ಕರೆ ಬಿಡಬೇಡಿ. ಚಳ್ಳಕೆರೆ ಕಡೆಯ ಎಣ್ಣೆ ಮಿಲ್‌ಗಳ ಹಳೇ ಶೇಂಗಾ ಮಷಿನ್‌ಗಳಿಗೆ ಹೊಸ ಗೇರ್ ಅಂಗಡಿಯಲ್ಲಿ ಸಿಗುವುದಿಲ್ಲ, ಕಡಿಯುವುದೊಂದೇ ದಾರಿ. ಉದಾಹರಣೆಗೆ 2 ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತೆ), 24 ಹಲ್ಲು. ಬ್ಲ್ಯಾಂಕ್ ವ್ಯಾಸ 2×(24+2), ಅಂದರೆ 52 ಮಿ.ಮೀ. ಹಲ್ಲಿನ ಆಳ 4.5. ಕಟರ್ 21ರಿಂದ 25 ಹಲ್ಲಿನವರೆಗೆ ನಡೆಯುವ ನಂಬರಿನದು. ಹೆಡ್ 40ಕ್ಕೆ 1 ಇದ್ದರೆ (ಹ್ಯಾಂಡಲ್ 40 ಸುತ್ತಿದರೆ ಜಾಬ್ ಒಂದು ಸುತ್ತು) 40 ಭಾಗಿಸು 24: ಒಂದು ಪೂರ್ತಿ ಸುತ್ತು ಮತ್ತು 18 ರಂಧ್ರದ ಸಾಲಿನಲ್ಲಿ 12 ರಂಧ್ರ ಮುಂದೆ. ರಂಧ್ರ ಎಣಿಸಿ ಗುರುತಿಡುವ ಸೆಕ್ಟರ್ ಕೈಗಳ ನಡುವೆ 12 ಅಂತರ ಬೇಕು, ಪಿನ್ ಇರುವ ರಂಧ್ರ ಸೇರಿ 13 ರಂಧ್ರ ಕಾಣಬೇಕು. ಹೊಸಬರು ತಪ್ಪುವುದು ಈ ಒಂದು ರಂಧ್ರದಲ್ಲೇ. ಮೊದಲು ಸುತ್ತಲೂ 0.1 ಆಳದ ಗೀರು ಮಾತ್ರ ಹಾಕಿ 24 ಗೀರು ಎಣಿಸಿ, ಅದರ ಮುಂದಿನದು ಮೊದಲನೆಯದರ ಮೇಲೆ ಕೂತರೆ ಮಾತ್ರ ಪೂರ್ತಿ ಆಳಕ್ಕೆ ಇಳಿಯಿರಿ. 4.3ಕ್ಕೆ ನಿಲ್ಲಿಸಿ ಅಕ್ಕಪಕ್ಕದ ಸ್ಲಾಟ್‌ಗಳನ್ನೂ ಅದೇ ಆಳಕ್ಕೆ ಹೊಡೆದು, ಮೂರು ಹಲ್ಲು ಸೇರಿಸಿ ವರ್ನಿಯರ್ ಹಿಡಿಯಿರಿ. 20 ಡಿಗ್ರಿ ಗೇರ್‌ಗೆ ಲೆಕ್ಕದ ಅಳತೆ 15.43; ಜೊತೆ ಗೇರ್ ಸಲೀಸಾಗಿ ಓಡಲು 15.35ರಿಂದ 15.40ರ ಒಳಗೆ ಬರುವಂತೆ ಉಳಿದ ಆಳ ಕೊಟ್ಟು, ನೀ ಲಾಕ್ ಮಾಡಿ, ಆಮೇಲೆ ಮುಟ್ಟದೆ 24 ಹಲ್ಲನ್ನೂ ಮುಗಿಸಿ.